ಆಮೆಮನೆಯ ಕುರ್ಚಿ

ನಮ್ಮೂರ ಸಭೆಯಲ್ಲಿ ಬಾವಲಿಮನೆಯ ಯಜಮಾನ ಮಾತಾಡಲು ಎದ್ದು ನಿಂತರೆ ಎಲ್ಲರೂ ತಲೆಯಾಡಿಸಬೇಕು. ಅವನು ಬಾಯಿ ಅಗಲಿಸುತ್ತಾನೆ, ತುಟಿ ಕುಣಿಸುತ್ತಾನೆ, ಕೈ ಎತ್ತಿ ಬೀಸುತ್ತಾನೆ. ಒಂದಕ್ಷರವೂ ಹೊರಗೆ ಬರುವುದಿಲ್ಲ. ಹಾರುವಾಗ ಬಾವಲಿ ಕಿರುಚುತ್ತಲೇ ಇರುತ್ತದೆ, ಆ ಕಿರುಚಾಟ ನಮ್ಮ ಕಿವಿಗೆ ನಿಲುಕುವುದಿಲ್ಲ ಅಷ್ಟೇ ಎಂದು ಹಿಂದೆ ಯಾರೋ ಕಂಡುಹಿಡಿದರಂತೆ. ಅಲ್ಲಿಯವರೆಗೆ ಬಾವಲಿಮನೆಯವರು ಬಂದು ಸುಮ್ಮನೆ ಕೂತು ಎದ್ದು ಹೋಗುತ್ತಿದ್ದರು. ಈಗ ಮಾತು ಮುಗಿಸಿ ಬೆವರೊರೆಸಿಕೊಂಡು ಕೂತಾಗ ಪಕ್ಕದವರು, "ಸರಿಯಾಗೇ ಹೇಳಿದ್ರಿ ಬಿಡಿ" ಎಂದು ಬೆನ್ನು ತಟ್ಟುತ್ತಾರೆ.

ಒಂದೊಂದು ಮನೆಗೆ ಒಂದೊಂದು ಜೀವ, ಆ ಜೀವಕ್ಕೆ ಸಭೆಯಲ್ಲಿ ಒಂದು ಕುರ್ಚಿ. ಜೀವ ಹೇಗೋ ಕುರ್ಚಿಯಲ್ಲಿ ಕೂತವರೂ ಹಾಗೆ. ಕಪ್ಪೆಮನೆಯವರು ಮೊದಲ ಮಳೆ ಬೀಳುವ ತನಕ ತುಟಿ ಪಿಟಕ್ಕೆನ್ನುವಂತಿಲ್ಲ. ಮಳೆ ಬಿದ್ದರೆ ಗಂಡಸರೆಲ್ಲ ಒಟ್ಟಿಗೆ ಶುರು ಹಚ್ಚುತ್ತಾರೆ. ಗಂಡುಕಪ್ಪೆ ಮಾತ್ರ ವಟಗುಟ್ಟುವುದು ಎಂದು ಕಂಡುಹಿಡಿದ ಪುಣ್ಯಾತ್ಮನಿಗೆ ಕಪ್ಪೆಮನೆಯ ಹೆಂಗಸರು ಇವತ್ತಿಗೂ ಹಿಡಿಶಾಪ ಹಾಕುತ್ತಾರೆ. ಹಲ್ಲಿಮನೆಯವರಿಗೆ ಒಂದೇ ಕೆಲಸ, ಕೇಳಿದ ಮಾತು ನಿಜ ಅನ್ನಿಸಿದರೆ ಲೊಚಗುಟ್ಟುವುದು. ಕಾಜಾಣದ ಮನೆಯವರು ಸ್ವಂತದ್ದು ಏನನ್ನೂ ಹೇಳುವಂತಿಲ್ಲ. ಇನ್ನೊಬ್ಬರ ಮಾತನ್ನು ಇನ್ನೊಬ್ಬರ ದನಿಯಲ್ಲೇ ಒಪ್ಪಿಸಬೇಕು. ಅಧ್ಯಕ್ಷತೆ ಗೂಬೆಮನೆಯ ಸಂಜೀವಯ್ಯನವರದು. ಹಗಲಲ್ಲಿ ನಡೆಯುವ ಸಭೆಯಾದ್ದರಿಂದ ಅವರು ಮುಕ್ಕಾಲು ಪಾಲು ನಿದ್ದೆಯಲ್ಲಿರುತ್ತಾರೆ. ಹೀಗಾಗಿ ನಮ್ಮೂರಿನಲ್ಲಿ ಯಾವ ತೀರ್ಮಾನವೂ ಅವಸರದಲ್ಲಿ ಆದದ್ದಿಲ್ಲ.

ನಮ್ಮದು ಆಮೆಮನೆ. ಆಮೆಗೆ ದನಿಯಿಲ್ಲ ಎಂಬುದು ಊರಿಗೆಲ್ಲ ಗೊತ್ತಿದ್ದ ಮಾತು. ಆದ್ದರಿಂದ ನಮ್ಮ ಮುತ್ತಜ್ಜ, ಅಜ್ಜ, ಅಜ್ಜನ ನಂತರ ನನ್ನ ಸೋದರತ್ತೆ ದೇವೀರಮ್ಮ, ಯಾರೂ ಸಭೆಯಲ್ಲಿ ಬಾಯಿ ತೆರೆದವರಲ್ಲ. ನನ್ನನ್ನು ಸಾಕಿದ್ದು ಈ ಅತ್ತೆಯೇ. ಸಭೆಯಲ್ಲಿ ಅವಳು ಸೆರಗು ಬಿಗಿಯಾಗಿ ಹೊದ್ದು, ಹಲ್ಲು ಕಚ್ಚಿ, ಎದುರುಗೋಡೆ ನೋಡುತ್ತ ಕೂತಿರುತ್ತಿದ್ದಳು. ಮನೆಗೆ ಬಂದವಳೇ ತೆಂಗಿನಕಾಯಿ ಒಡೆದು ತುರಿಯಲು ಕೂತರೆ ಸಭೆಯಲ್ಲಿ ನುಂಗಿದ್ದೆಲ್ಲ ಒಂದೊಂದಾಗಿ ಹೊರಗೆ ಬರುತ್ತಿತ್ತು. "ಬಾವಿಗೆ ಕಟ್ಟೆ ಬೇಡವಂತೆ ಕಣೋ ಆ ಕಾಗೆಮನೆ ಉಗ್ರಪ್ಪನಿಗೆ! ಯಾಕೆ, ಅವನ ಮೊಮ್ಮಕ್ಕಳೇನು ಬಗ್ಗಿ ನೋಡಲ್ವಾ? ಬಾವಲಿಯೋನು ಬಾಯಿ ಆಡಿಸಿದ್ದಕ್ಕೆ ಇವನು ಚಪ್ಪಾಳೆ ಬೇರೆ ತಟ್ತಾನೆ!" ಆ ದಿನದ ಸಭೆ ಎಷ್ಟು ಕೆಟ್ಟು ನಡೆದಿತ್ತೆಂದು ಕಾಯಿತುರಿಯ ರಾಶಿ ನೋಡಿದರೇ ತಿಳಿಯುತ್ತಿತ್ತು. ರಾತ್ರಿಯ ಅಡುಗೆ ಅದಕ್ಕೆ ತಕ್ಕಂತೆ ರುಚಿಯಾಗಿರುತ್ತಿತ್ತು.

ನಾನು ಹೊರಗಿನ ಕಾಲೇಜೊಂದರಲ್ಲಿ ತತ್ವಶಾಸ್ತ್ರ ಓದಿ ಡಿಗ್ರಿ ಪಡೆದು ಊರಿಗೆ ಮರಳಿದ್ದೆ. ಸಂದರ್ಶನಕ್ಕೆ ಹೋದ ಕಡೆಯಲ್ಲೆಲ್ಲ "ನಿಮ್ಮ ಬಗ್ಗೆ ಹೇಳಿ" ಎನ್ನುತ್ತಿದ್ದರು. ನಾನು ಯೋಚನೆಗೆ ಬೀಳುತ್ತಿದ್ದೆ. ಯೋಚಿಸಿ ಮುಗಿಸುವಷ್ಟರಲ್ಲಿ ಮುಂದಿನವನನ್ನು ಕರೆದಾಗಿರುತ್ತಿತ್ತು. ನನಗೆ ಮಾತಿಗಿಂತ ಮಾತಿನ ಆಚೀಚೆ ಇರುವುದರ ಮೇಲೆ ಆಸೆ ಹೆಚ್ಚು. ಬಸ್ಸು ನಿಂತ ಮೇಲೆ ಇಳಿಯುವವರು ಇನ್ನೂ ಏಳದ ಆ ಒಂದು ಗಳಿಗೆ, ಒಗ್ಗರಣೆಯ ಸದ್ದು ಇಳಿದು ಇನ್ನೇನು ಯಾರೋ ಊಟಕ್ಕೆ ಕರೆಯಬೇಕು ಅನ್ನುವಾಗಿನ ಗಳಿಗೆ, ಇಂಥವನ್ನು ಕೂಡಿಸಿಟ್ಟುಕೊಂಡವನು ನಾನು. ಅತ್ತೆಗೆ ಮಕ್ಕಳಿರಲಿಲ್ಲ. ಅವಳ ನಂತರ ಆಮೆಯ ಕುರ್ಚಿ ನನ್ನದು. ಜೀವಮಾನವಿಡೀ ಸುಮ್ಮನೆ ಕೂರುವುದೇ ಕರ್ತವ್ಯವಾಗಿರುವ ಇಂಥ ಹುದ್ದೆ ಲೋಕದಲ್ಲಿ ಬೇರೆಲ್ಲೂ ಇಲ್ಲವೆಂದು ನಾನು ಒಳಗೊಳಗೇ ಹಿಗ್ಗುತ್ತಿದ್ದೆ.

ಆ ಹಿಗ್ಗಿಗೆ ಕಲ್ಲು ಹಾಕಿದವನು ಕಾಗೆಮನೆಯ ಉಗ್ರಪ್ಪ. ಕಾಗೆ ಕಂಡದ್ದನ್ನೆಲ್ಲ ಕೂಗಬೇಕು, ಅದು ಅವನ ನಿಯಮ. ಅವನು ಅದನ್ನು ಬಹಳ ಶ್ರದ್ಧೆಯಿಂದ ಪಾಲಿಸುತ್ತಿದ್ದ. ಬೇಸಗೆಯ ಒಂದು ಸಭೆಯಲ್ಲಿ ಅವನ ಕಣ್ಣು ಅತ್ತೆಯ ಮೇಲೆ ಬಿತ್ತು. "ಅಲ್ಲ ಸ್ವಾಮಿ, ಈ ಆಮೆ ಕುರ್ಚಿ ಯಾಕೆ ಅಂತೀನಿ? ಅಲ್ಲಿ ಕೂತೋರು ಇದ್ರೂ ಒಂದೇ, ಇಲ್ದಿದ್ರೂ ಒಂದೇ. ಪಾರಿವಾಳದೋರು ಎಷ್ಟು ಕಾಲದಿಂದ ಬಾಗಿಲಲ್ಲಿ ಗುಟುರು ಹಾಕ್ಕೊಂಡು ನಿಂತವ್ರೆ. ಮಾತಾಡೋ ಜೀವಕ್ಕೆ ಕೊಟ್ರೆ ಊರಿಗೂ ಉಪಯೋಗ. ಮೀನಿನ ಮನೆ ಕುರ್ಚಿ ತೆಗೀಲಿಲ್ವಾ? ಏನಾಯ್ತು? ಜಾಗ ಆಯ್ತು!"

ಮೀನಿನ ಮನೆಯ ಕುರ್ಚಿ ತೆಗೆದಾಗ ಏನಾಯಿತೆಂದು ಎಲ್ಲರಿಗೂ ಗೊತ್ತಿತ್ತು. ಕುರ್ಚಿ ಇಲ್ಲದ ಜೀವಕ್ಕೆ ಊರಿನಲ್ಲಿ ಹೇಳುವವರು ಕೇಳುವವರು ಇರುವುದಿಲ್ಲ. ಅದೇ ವರ್ಷ ಕೆರೆಗೆ ಬಲೆಗಳು ಇಳಿದವು. ಈಗ ಕೆರೆಯಲ್ಲಿ ನೀರಿದೆ, ಅಷ್ಟೇ. ನಮ್ಮ ಹಿತ್ತಿಲ ಕೊಳದಲ್ಲಿ ಆಮೆಗಳಿದ್ದವು; ಅವುಗಳ ಮಾಂಸದ ಮೇಲೆ ಕಣ್ಣಿಟ್ಟವರು ಊರಿನಲ್ಲಿ ಇಲ್ಲದಿರಲಿಲ್ಲ. ಅತ್ತೆಯ ಮುಖ ಕಪ್ಪಿಟ್ಟಿತು. ಆದರೆ ಬೇಡ ಅನ್ನಲೂ ಬಾಯಿ ಬೇಕಲ್ಲ. ಸಂಜೀವಯ್ಯನವರು ಒಂದು ಕಣ್ಣು ತೆರೆದು, "ಮುಂದಿನ ಸಭೆಗೆ ತೀರ್ಮಾನ" ಎಂದು ಅದನ್ನು ಮುಚ್ಚಿದರು.

ಅವತ್ತು ಮನೆಯಲ್ಲಿದ್ದ ಕಾಯೆಲ್ಲ ತುರಿದು ಮುಗಿಯಿತು. ಆಮೇಲೆ ಅತ್ತೆ ಮಾತು ನಿಲ್ಲಿಸಿದಳು. ಖಾಲಿ ಚಿಪ್ಪು ಕೈಯಲ್ಲಿ ಹಿಡಿದುಕೊಂಡು ಹೆರೆಮಣೆಯ ಮೇಲೆ ಹಾಗೇ ಕೂತಿದ್ದಳು. ನಾನು ಬಗೆಬಗೆಯ ಮೌನಗಳನ್ನು ಬಲ್ಲವನೆಂದು ಬೀಗುತ್ತಿದ್ದೆನಲ್ಲ, ಈ ಮೌನ ಮಾತ್ರ ನನಗೆ ಹಿಡಿಸಲಿಲ್ಲ. ಅಲ್ಲಿ ನಿಲ್ಲಲಾಗದೆ ಹಿತ್ತಿಲಿಗೆ ಹೋದೆ.

ಹಿತ್ತಿಲಲ್ಲಿ ಕೊಳದ ಪಕ್ಕ ಒಂದು ಹೊಂಗೆಮರ, ಅದರ ಬುಡದಲ್ಲಿ ಒಂದು ಮರಳುಗುಡ್ಡೆ. ನಾನು ದಿನವೂ ಅಲ್ಲಿಯೇ ಬಿದ್ದುಕೊಳ್ಳುತ್ತಿದ್ದೆ. ಊರಿನಲ್ಲೆಲ್ಲ ಕಾಗೆಗಳ ರಂಪ, ಆ ಮರದ ಕೆಳಗೆ ಮಾತ್ರ ಇರುತ್ತಿರಲಿಲ್ಲ. ಮರದಲ್ಲಿ ಗೂಡು ಕಟ್ಟಿದ ಕಾಗೆಗಳು ಕಳ್ಳರಂತೆ ಬಂದು ಕಳ್ಳರಂತೆ ಹೋಗುತ್ತಿದ್ದವು. ಆ ಮಧ್ಯಾಹ್ನ ತಂಪಾದ ಮರಳಿಗೆ ಕಿವಿಯಾನಿಸಿ ಮಲಗಿದೆ. ಕೆಳಗಿನಿಂದ ಏನೋ 'ಟಿಕ್' ಎಂದಿತು. ಸ್ವಲ್ಪ ಹೊತ್ತಿಗೆ ಮತ್ತೊಂದು ಕಡೆಯಿಂದ ಗಂಟಲು ಕೆರೆದುಕೊಂಡಂತೆ 'ಕ್ರ್' ಎಂದಿತು. ಕಿವಿಯಲ್ಲಿ ಕೀವಾಗಿದೆ ಅಂದುಕೊಂಡೆ. ಒಳಗೆ ಹೋಗಿ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಎರಡು ತೊಟ್ಟು ಬಿಟ್ಟುಕೊಂಡು ಬಂದು ಇನ್ನೊಂದು ಕಿವಿ ಆನಿಸಿದೆ. ಟಿಕ್. ಕ್ರ್. ಸ್ವಲ್ಪ ಬಿಟ್ಟು ಮೂರನೆಯದೊಂದು ಮೂಲೆಯಿಂದ ಮತ್ತೆ ಟಿಕ್. ಮೇಲಿನ ಮರಳನ್ನು ಬೆರಳಿನಿಂದ ಸರಿಸಿದೆ. ಬೆಳ್ಳಗೆ, ಉದ್ದುದ್ದಕ್ಕೆ, ಮೊಟ್ಟೆಗಳು. ಆಮೆ ಎಂದು ಬಂದು ಇಟ್ಟುಹೋಗಿತ್ತೋ ತಿಳಿಯದು. ಮರಿಗಳು ಇನ್ನೂ ಹೊರಗೇ ಬಂದಿಲ್ಲ, ಒಂದರ ಮುಖ ಒಂದು ನೋಡಿಲ್ಲ, ಓಡಿನೊಳಗಿನಿಂದಲೇ ಮಾತು ಶುರುವಿಟ್ಟುಕೊಂಡಿದ್ದವು. ಅಲ್ಲೇ ಕೂತು ಬಹಳ ಹೊತ್ತು ಕೇಳಿದೆ. ಒಂದು ದನಿ ಬಂದರೆ ಇನ್ನೊಂದು ಬರುವತನಕ ಮೊದಲಿನದು ಕಾಯುತ್ತಿತ್ತು. ಹೊರಡುವುದಾದರೆ ಎಲ್ಲರೂ ಒಟ್ಟಿಗೇ ಹೊರಡೋಣ, ನೀನು ಎದ್ದಿದ್ದೀಯಾ, ಎಂದು ವಿಚಾರಿಸಿಕೊಳ್ಳುವ ಹಾಗಿತ್ತು.

ನನಗೆ ಸಂತೋಷವಾಗಬೇಕಿತ್ತು. ಆಗಿದ್ದು ಬೇರೆ. ಆಮೆಗೆ ದನಿಯಿದೆ ಎಂದು ತೋರಿಸಿದರೆ ಕುರ್ಚಿ ಉಳಿಯುತ್ತದೆ, ಆದರೆ ಅದು ಮಾತಾಡುವವರ ಕುರ್ಚಿಯಾಗುತ್ತದೆ. ತೋರಿಸದಿದ್ದರೆ ಕುರ್ಚಿಯೇ ಇಲ್ಲ. ಎರಡು ಕಡೆಯೂ ನನ್ನ ಹುದ್ದೆಗೆ ಸಂಚಕಾರ. ಎಂಥ ಮೂಕ ಜೀವವೆಂದು ನಂಬಿದ್ದೆ, ಇವು ನೋಡಿದರೆ ಹುಟ್ಟುವ ಮೊದಲೇ ವಾಚಾಳಿಗಳು. ಕೊಳದ ಅಂಚಿನಲ್ಲಿ ಬಿಸಿಲು ಕಾಯಿಸುತ್ತಿದ್ದ ದೊಡ್ಡ ಆಮೆಯೊಂದು ಕತ್ತು ಚಾಚಿ ನನ್ನನ್ನು ನೋಡುತ್ತಿತ್ತು. ಅದಕ್ಕೆ ಬಲೆಯ ವಿಷಯ ಗೊತ್ತಿರಲಿಲ್ಲ. ಎದ್ದು ಹೋಗಿ ಅತ್ತೆಯನ್ನು ಕರೆತಂದೆ.

ಅತ್ತೆ ಮರಳಿನ ಮೇಲೆ ಅಡ್ಡ ಮಲಗಿ ಕಿವಿಗೊಟ್ಟಳು. ಮೊದಲು ಹುಬ್ಬು ಮೇಲೇರಿತು, ಆಮೇಲೆ ಕಣ್ಣು ಅರಳಿತು, ಆಮೇಲೆ ಕೋಪ ನೆತ್ತಿಗೇರಿತು. "ಅಯ್ಯೋ ನಿಮ್ಮ ಮನೆ ಹಾಳಾಗ! ಇಷ್ಟು ವರ್ಷ ನನ್ನ ಬಾಯಿಗೆ ಬೀಗ ಹಾಕ್ಸಿ ನೀವಿಲ್ಲಿ ಒಳಗೊಳಗೇ ಹರಟೆ ಕೊಚ್ತಾ ಇದ್ರೇನ್ರೋ? ನಮ್ಮಪ್ಪ ಒಂದು ಮಾತೂ ಆಡದೆ ಸತ್ತನಲ್ರೋ, ಮುಂಡೇವಾ!" ಎಂದು ಮರಳಿಗೆ ಬೈದಳು. ಬೈದು ಮತ್ತೆ ಕಿವಿಯಿಟ್ಟಳು. "ಏಯ್ ಮುಕುಂದಾ, ನಾನು ಬೈದಿದ್ದಕ್ಕೆ ಸುಮ್ಮನಾದ್ವು ಕಣೋ ಪಾಪ" ಎಂದು ಮರಳನ್ನು ಸವರಿದಳು.

ಇನ್ನು ಸಭೆಗೆ ಹೇಳುವುದು ಹೇಗೆ? ಆಮೆಮನೆಯವರು ಅಲ್ಲಿ ಬಾಯಿ ತೆರೆದರೆ ಆ ಕ್ಷಣಕ್ಕೇ ಕುರ್ಚಿ ಹೋದಂತೆ. ಬಾಯಿ ಎರವಲು ತರಬೇಕಿತ್ತು. ಕಾಜಾಣದ ಮನೆಯ ಚೆಲುವಾಂಬೆಯ ಹತ್ತಿರ ಹೋದೆ. ನನ್ನ ಜೊತೆಗೇ ಶಾಲೆಯಲ್ಲಿ ಓದಿದವಳು. ಸಭೆಯ ಹೊರಗೆ ಅವಳ ಸ್ವಂತ ಮಾತಿಗೇನೂ ಕೊರತೆಯಿರಲಿಲ್ಲ. "ಏನಿದು ಆಶ್ಚರ್ಯ, ಆಮೆ ನಮ್ಮ ಮನೆ ಹೊಸ್ತಿಲು ದಾಟಿದೆ. ಬೆಳಗ್ಗೆ ಹೊರಟಿದ್ಯಾ, ನಿನ್ನೆ ಹೊರಟಿದ್ಯಾ?" ಎಂದಳು. ನಾನು ವಿಷಯ ಹೇಳಿದೆ. ಅವಳು ನಗುವುದು ನಿಲ್ಲಿಸಿ ನಮ್ಮ ಹಿತ್ತಿಲಿಗೆ ಬಂದು ಮರಳಿಗೆ ಕಿವಿಯಿಟ್ಟಳು. ಎದ್ದಾಗ ಅವಳ ಕೆನ್ನೆಯ ತುಂಬ ಮರಳು ಅಂಟಿತ್ತು. "ಹೇಳಬೇಕಾದ್ದನ್ನ ನೀನು ಒಂದ್ಸಲ ಹೇಳು. ನೀನು ಹೇಗೆ ಹೇಳ್ತೀಯೋ ಹಾಗೇ ಬರುತ್ತೆ, ಆಮೇಲೆ ನನ್ನ ಬೈಬೇಡ" ಎಂದಳು.

ಮುಂದಿನ ಸಭೆಯಲ್ಲಿ ಅವಳು ಎದ್ದು ನಿಂತು ನನ್ನ ದನಿಯಲ್ಲಿ ಶುರು ಮಾಡಿದಳು. "ಅಂದ್ರೆ... ವಿಷಯ ಏನಪ್ಪಾ ಅಂದ್ರೆ... ಅಂದ್ರೆ, ಆಮೆಗೆ..." ಎಂದು ಕೆಮ್ಮಿದಳು, ಮೂಗು ತಿಕ್ಕಿಕೊಂಡಳು, ಆಕಾಶ ನೋಡಿದಳು, ಬಹಳ ಹೊತ್ತು ಬಿಟ್ಟು "ದನಿ ಇದೆ" ಎಂದಳು. ಸಭೆ ಬಿದ್ದು ಬಿದ್ದು ನಕ್ಕಿತು. ನಾನು ಹಿಂದಿನ ಬೆಂಚಿನಲ್ಲಿ ಕತ್ತು ಒಳಗೆಳೆದುಕೊಂಡು ಕೂತೆ. ಆದರೆ ಅವಳು ನನ್ನ ದನಿ ಬಿಟ್ಟು ಮೊಟ್ಟೆಗಳ ದನಿಯಲ್ಲಿ 'ಟಿಕ್' ಎಂದಾಗ, ಸ್ವಲ್ಪ ಬಿಟ್ಟು 'ಕ್ರ್' ಎಂದಾಗ, ನಗು ನಿಂತಿತು.

ಉಗ್ರಪ್ಪ ಜಿಗಿದೆದ್ದ. "ಕಾಜಾಣ ಏನು ಬೇಕಾದ್ರೂ ಕೂಗುತ್ತೆ! ಹೋದ್ಸಲ ನನ್ನ ಹೆಂಡ್ತಿ ಹಾಗೆ ಕೂಗಿ ನನ್ನೇ ಸಭೆಯಿಂದ ಎಬ್ಬಿಸಿ ಕಳಿಸಿದ್ಲು! ಇದನ್ನ ನಂಬಕ್ಕಾಗಲ್ಲ. ನಮ್ಮ ಕಿವಿಗೇ ಕೇಳಿಸ್ಲಿ!" ಸಂಜೀವಯ್ಯನವರು ಎರಡೂ ಕಣ್ಣು ತೆರೆದರು. ಅದೇ ಒಂದು ಸುದ್ದಿ. "ಮೊಟ್ಟೆ ಕದಲಿಸೋದು ಬೇಡ. ಸಭೆಯೇ ಅಲ್ಲಿಗೆ ಹೋಗಲಿ. ಕುರ್ಚಿ ಎತ್ಕೊಳ್ಳಿ" ಎಂದರು.

ಹಾಗೆ ಊರೆಲ್ಲ ತಲೆಯ ಮೇಲೆ ಕುರ್ಚಿ ಹೊತ್ತು ನಮ್ಮ ಹಿತ್ತಿಲಿಗೆ ಬಂತು. ಇರುವೆಮನೆಯವರು ಮಾತ್ರ ಒಬ್ಬರ ಹಿಂದೊಬ್ಬರು ಸಾಲಾಗಿ ಬಂದರು. ಹೊಂಗೆಮರದ ಕೆಳಗೆ, ಮರಳುಗುಡ್ಡೆಯ ಸುತ್ತ ಕುರ್ಚಿಗಳು ಕೂತವು. ಮಳೆ ಇನ್ನೂ ಬಂದಿರಲಿಲ್ಲವಾಗಿ ಕಪ್ಪೆಮನೆಯವರ ಕಾಟವಿರಲಿಲ್ಲ. ಬಾವಲಿಮನೆಯವನು ಏನೋ ದೊಡ್ಡದಾಗಿ ಹೇಳುತ್ತಿದ್ದ, ಅದರಿಂದ ತೊಂದರೆಯಿರಲಿಲ್ಲ. ತೊಂದರೆ ಉಗ್ರಪ್ಪನದು. "ಇದೇನಾ ಮರಳು? ಆಹಾ, ಕೊಳ! ಓಹೋ, ಅಲ್ಲೊಂದು ಬಕೆಟ್ಟು! ದೇವೀರಮ್ಮನೋರು ಸೀರೆ ಒಣಗಾಕವ್ರೆ! ಅಲ್ಲಿ ಸೌದೆ!" ಎಂದು ಒಂದೇ ಸಮನೆ ಕೂಗುತ್ತಿದ್ದ. "ಸ್ವಲ್ಪ ಸುಮ್ನಿರಪ್ಪ" ಎಂದರು ಯಾರೋ. "ನಾನು ಸುಮ್ನಿರೋಕೆ ರೆಡಿ. ನಿಯಮ ಬಿಡಬೇಕಲ್ಲ ಸ್ವಾಮಿ! ಕಾಗೆ ಕಂಡಿದ್ದನ್ನ ಕೂಗದೆ ಇರೋ ಹಾಗಿಲ್ಲ. ಓಹೋ, ಇಲ್ಲೊಂದು ಪೊರಕೆ!" ಎಂದು ಅವನು ಕಣ್ಣು ಮಿಟುಕಿಸಿದ. ಅವನ ಉಪಾಯ ಎಲ್ಲರಿಗೂ ಅರ್ಥವಾಯಿತು. ಹೊತ್ತು ಇಳಿಯುವ ತನಕ ಹೀಗೇ ಕೂಗುತ್ತಿದ್ದರೆ ಮೊಟ್ಟೆಯ ದನಿ ಯಾರಿಗೂ ಕೇಳದು, ಕೇಳದಿದ್ದರೆ ಕುರ್ಚಿ ಹೋದಂತೆ.

ಆಗ ಅತ್ತೆ ಕೈ ಎತ್ತಿ ಬೆರಳು ಮೇಲೆ ತೋರಿಸಿದಳು. ಒಂದು ಮಾತಿಲ್ಲ. ಎಲ್ಲರೂ ಕತ್ತೆತ್ತಿದರು. ದೂರದ ತೆಂಗಿನ ಮೇಲೆ ಕಾ ಕಾ ಎಂದು ಬಡಕೊಳ್ಳುತ್ತಿದ್ದ ಕಾಗೆಯೊಂದು ಹಾರಿ ನಮ್ಮ ಹೊಂಗೆಮರದ ಹತ್ತಿರ ಬರುತ್ತಲೇ ಬಾಯಿ ಕಟ್ಟಿತು. ಕೊಂಬೆಯಿಂದ ಕೊಂಬೆಗೆ ಸದ್ದಿಲ್ಲದೆ ಇಳಿದು, ಆಚೀಚೆ ನೋಡಿ, ಎಲೆಗಳ ಮರೆಯ ಗೂಡಿಗೆ ಕೊಕ್ಕು ಚಾಚಿ ಮರಿಗಳಿಗೆ ಏನನ್ನೋ ತುರುಕಿ, ಬಂದ ಹಾಗೇ ಜಾರಿಕೊಂಡಿತು. ತೆಂಗು ಸೇರಿದ ಮೇಲೆ ಮತ್ತೆ ಕಾ ಕಾ. ಸಂಜೀವಯ್ಯನವರ ಮುಖದಲ್ಲಿ ನಿಧಾನವಾಗಿ ನಗು ಮೂಡಿತು. "ಇದು ಇಷ್ಟು ದಿನ ನಮ್ಮ ಕಣ್ಣಿಗೇ ಬಿದ್ದಿರಲಿಲ್ಲವಲ್ಲ! ಗೂಡಿನ ಹತ್ತಿರ ಕಾಗೆ ಕೂಗಲ್ಲ. ಉಗ್ರಪ್ಪ, ನೀನು ಈಗ ಕೂತಿರೋದು ಗೂಡಿನ ಕೆಳಗೆ ಕಣಯ್ಯ." ಹಲ್ಲಿಮನೆಯವರು ಲೊಚಗುಟ್ಟಿದರು. ಉಗ್ರಪ್ಪ ಬಾಯಿ ತೆರೆದ, ಮೇಲೆ ನೋಡಿದ, ಮುಚ್ಚಿದ.

ನಮ್ಮೂರಿನ ಸಭೆ ಪೂರ್ತಿ ಸುಮ್ಮನಾದದ್ದು ಅದೇ ಮೊದಲಿರಬೇಕು. ಯಾರದೋ ಹೊಟ್ಟೆ ಗುಡುಗಿದ್ದು ಕೇಳಿಸಿತು. ಕೊಳದ ನೀರು ದಡಕ್ಕೆ ತಾಗುವುದು ಕೇಳಿಸಿತು. ಆಮೇಲೆ ಮರಳಿನೊಳಗಿನಿಂದ 'ಟಿಕ್' ಎಂದಿತು. ಎಲ್ಲರೂ ಒಟ್ಟಿಗೆ ಮುಂದಕ್ಕೆ ಬಾಗಿದರು. ಒಂದು ಉಸಿರಿನಷ್ಟು, ಎರಡು ಉಸಿರಿನಷ್ಟು ಬಿಟ್ಟು, ಇನ್ನೊಂದು ಮಗ್ಗುಲಿಂದ 'ಕ್ರ್'. ಇರುವೆಮನೆಯ ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು, ಯಾಕೆಂದು ಅವಳಿಗೂ ಗೊತ್ತಿದ್ದಂತಿರಲಿಲ್ಲ.

ಸಂಜೀವಯ್ಯನವರು ಎದ್ದು ಉಗ್ರಪ್ಪನನ್ನು ಗೂಡಿನಿಂದ ದೂರ, ಬಟ್ಟೆ ಒಣಗುವ ಹಗ್ಗದ ಆಚೆ ಕರೆದೊಯ್ದು, "ಈಗ ಹೇಳು" ಎಂದರು. ಅವನು ಸೋತವನಂತೆ ಕಾಣಲಿಲ್ಲ. "ದನಿ ಇದೆ, ಒಪ್ಕೊಂಡೆ. ಆದ್ರೆ ನೀವೆಲ್ಲ ಕೇಳಿದ್ರಲ್ಲ, ಒಂದು ಕೂಗಿದ್ರೆ ಇನ್ನೊಂದು ಉತ್ತರ ಕೊಡ್ತದೆ. ಅಲ್ಲೀತನಕ ಕಾಯ್ತದೆ. ಹಾಗೇ ಆಗ್ಲಿ. ದೇವೀರಮ್ಮ ಒಂದು ಮಾತಾಡ್ಲಿ, ಅವರ ಮನೆಯೋರೇ ಉತ್ತರ ಕೊಡ್ಲಿ. ಉತ್ತರ ಬರ್ದಿದ್ರೆ ಆಡಿದ ಮಾತು ಆಡಿದ ಹಾಗಲ್ಲ. ಕುರ್ಚಿ ಪಾರಿವಾಳಕ್ಕೆ!" ಎಂದು ನನ್ನ ಕಡೆ ನೋಡಿ ಹಲ್ಲು ಕಿರಿದ. ಆಮೆಮನೆಯಲ್ಲಿ ಉಳಿದಿದ್ದ ಇನ್ನೊಬ್ಬ ನಾನೇ. ನಿನ್ನ ಬಗ್ಗೆ ಹೇಳು ಅಂದರೆ ಯೋಚನೆಗೆ ಬೀಳುವವನು ಎಂದು ಊರಿಗೇ ಗೊತ್ತಿತ್ತು. ಸಂಜೀವಯ್ಯನವರು ಗಡ್ಡ ಕೆರೆದುಕೊಂಡು, "ನ್ಯಾಯವಾಗೇ ಇದೆ. ಉತ್ತರ ಬರೋವರೆಗೂ ಬೇರೆ ಯಾರೂ ಮಾತಾಡೋ ಹಾಗಿಲ್ಲ" ಎಂದರು.

ಅತ್ತೆ ಎದ್ದು ನಿಂತಳು. ಒಂದು ಜನ್ಮದ ಮಾತು ಅವಳ ಗಂಟಲಲ್ಲಿತ್ತು. ಬಾವಿಕಟ್ಟೆ, ಕೆರೆಯ ಮೀನು, ಅವಳಪ್ಪ, ಎಲ್ಲ. ಎಲ್ಲವೂ ಒಟ್ಟಿಗೆ ಬಾಗಿಲಿಗೆ ನುಗ್ಗಿ ಸಿಕ್ಕಿಕೊಂಡವೋ ಏನೋ, ಒಂದೂ ಹೊರಗೆ ಬರಲಿಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. ಸಭೆಯತ್ತ ನೋಡಲಿಲ್ಲ, ನನ್ನತ್ತ ತಿರುಗಿದಳು.

"ಮುಕುಂದಾ, ಇದೀಯೇನೋ?" ಎಂದಳು.

ಊರೆಲ್ಲ ನನ್ನ ಬಾಯಿ ನೋಡುತ್ತಿತ್ತು. ನಾನು ಎಂದಿನಂತೆ ಯೋಚನೆಗೆ ಬಿದ್ದೆ. ಇದ್ದೇನೆಯೇ? ಯಾವ ಅರ್ಥದಲ್ಲಿ? ನನಗೆ ಕಲಿಸಿದ ಮೇಷ್ಟರು ಈ ಒಂದು ಪ್ರಶ್ನೆಗೆ ಇಡೀ ವರ್ಷ ಕೊಟ್ಟಿದ್ದರು. ಉಗ್ರಪ್ಪ ಹಗ್ಗದ ಆಚೆ ತುದಿಗಾಲಲ್ಲಿ ನಿಂತಿದ್ದ. ಚೆಲುವಾಂಬೆ ನನ್ನ ಮಾತನ್ನು ನನಗಿಂತ ಮೊದಲೇ ಆಡಿಬಿಡುವವಳಂತೆ ತುಟಿ ಕಚ್ಚಿದ್ದಳು. ಅತ್ತೆ ಮಾತ್ರ ಕಾಯುತ್ತಿದ್ದಳು, ಬರುತ್ತದೋ ಇಲ್ಲವೋ ಎಂಬ ಅನುಮಾನವೇ ಇಲ್ಲದವಳ ಹಾಗೆ. ನನ್ನ ಎದೆಯಲ್ಲಿ ಎಲ್ಲಿಯೋ ಒಂದು ಓಡು ಬಿರುಕು ಬಿಟ್ಟಂತಾಯಿತು.

"ಹೂಂ" ಎಂದೆ.

ಹಲ್ಲಿಮನೆಯವರು ಒಟ್ಟಿಗೆ ಲೊಚಗುಟ್ಟಿದರು. ಅತ್ತೆ ಒಮ್ಮೆ ಉಸಿರೆಳೆದುಕೊಂಡಳು, ಅಷ್ಟೇ. "ಏನಯ್ಯಾ ಉಗ್ರಪ್ಪ, ಇದ್ರೂ ಒಂದೇ ಇಲ್ದಿದ್ರೂ ಒಂದೇ ಅಂದ್ಯಲ್ಲ, ಯಾರಿಗಯ್ಯಾ ಅಂದಿದ್ದು?" ಹೂಂ ಎಂದೆ. "ನಿಮ್ಮಪ್ಪ ಕೆರೆಗೆ ಬಿದ್ದಾಗ ಎಳೆದು ದಡಕ್ಕೆ ಹಾಕಿದ್ದು ಮೀನಿನ ಮನೆಯೋನು. ಅವನ ಕುರ್ಚಿ ತೆಗೆಸಿದೋನು ನೀನು." ಹೂಂ. "ಬಾವಿಗೆ ಕಟ್ಟೆ ಆಗಬೇಕು, ಈ ಬೇಸಗೇಲೇ ಆಗಬೇಕು." ಹೂಂ. "ಏಯ್ ಬಾವಲಿ, ನೀನು ತುಟಿ ಆಡಿಸಿ ಹೇಳಿದ್ದೆಲ್ಲ ನಂಗೆ ಅರ್ಥ ಆಗಿದೆ ಕಣೋ, ಇನ್ಮೇಲೆ ಬಾಯಿ ಬಿಗಿ ಹಿಡಿ." ಹೂಂ. ಬಾವಲಿಮನೆಯವನ ಮುಖ ಬಿಳಿಚಿಕೊಂಡಿತು. ಹೊತ್ತು ಮುಳುಗಿದರೂ ಅತ್ತೆ ನಿಲ್ಲಿಸಲಿಲ್ಲ. ಕುರ್ಚಿ ಉಳಿಯಬೇಕೆ ಬೇಡವೆ ಎಂದು ಕೇಳುವುದು ಯಾರಿಗೂ ನೆನಪಿರಲಿಲ್ಲ. ಅದರ ಪಕ್ಕಕ್ಕೆ ಉತ್ತರ ಕೊಡುವವನಿಗೆ ಇನ್ನೊಂದು ಹಾಕಬೇಕಲ್ಲ, ಎಲ್ಲಿಂದ ತರುವುದು ಎಂಬ ಚರ್ಚೆಯಲ್ಲಿ ಸಭೆ ಮುಗಿಯಿತು.

ಕುರ್ಚಿಗಳನ್ನು ಹೊತ್ತು ಹೊರಡುವಾಗ ಚೆಲುವಾಂಬೆ ನನ್ನ ಹತ್ತಿರ ಬಂದು, ನನ್ನದೇ ದನಿಯಲ್ಲಿ "ಹೂಂ" ಎಂದಳು. ಆಮೇಲೆ ತನ್ನ ದನಿಯಲ್ಲಿ, "ಅಷ್ಟು ದೊಡ್ಡ ಡಿಗ್ರಿ ಮಾಡಿ ಇಷ್ಟೇನಾ?" ಎಂದು ನಗುತ್ತ ಹೋದಳು.

ಇಷ್ಟೇ. ಈಗ ನಾನು ಸಭೆಯಲ್ಲಿ ಅತ್ತೆಯ ಪಕ್ಕ ಕೂರುತ್ತೇನೆ. ಮನೆಯಲ್ಲಿ ಕಾಯಿ ತುರಿಯುವುದು ಕಡಿಮೆಯಾಗಿ ಸಾರು ತೆಳ್ಳಗಾಗಿದೆ. ನನ್ನ ಹುದ್ದೆ ಕೈತಪ್ಪಿತೆಂದು ಮೊದಮೊದಲು ಮರುಗಿದ್ದೆ. ನಿಯಮದ ಗುಣ ಗೊತ್ತಾದದ್ದು ಆಮೇಲೆ. ಅತ್ತೆಯ ಮಾತು ಮುಗಿದು ನನ್ನ ಹೂಂ ಬರುವವರೆಗೆ ಇಡೀ ಊರಿನಲ್ಲಿ ಯಾರೂ ಉಸಿರೆತ್ತುವಂತಿಲ್ಲ, ಗೂಬೆಯೂ ಗೊರಕೆ ಹೊಡೆಯುವಂತಿಲ್ಲ. ಎಷ್ಟು ಹೊತ್ತಿನೊಳಗೆ ಬರಬೇಕೆಂದು ಯಾರೂ ಹೇಳಿಲ್ಲ. ಮೊನ್ನೆಯ ಸಭೆಯಲ್ಲಿ ಅತ್ತೆ ಉಗ್ರಪ್ಪನಿಗೆ ಏನೋ ಖಾರವಾಗಿ ಅಂದು ಕೂತಳು. ಅವನು ಉತ್ತರ ಕೊಡಲು ಬಾಯಿ ತೆರೆದವನು ಹಾಗೇ ತೆರೆದುಕೊಂಡು ನನ್ನತ್ತ ನೋಡುತ್ತಿದ್ದ. ಮಳೆ ಆಗಷ್ಟೇ ನಿಂತಿತ್ತು. ಸೂರಿನಂಚಿನಲ್ಲಿ ಒಂದು ಹನಿ ತುಂಬಿಕೊಳ್ಳುತ್ತಿತ್ತು, ಕಪ್ಪೆಮನೆಯವರೆಲ್ಲ ಗಂಟಲುಬ್ಬಿಸಿಕೊಂಡು ತಡೆದು ಕೂತಿದ್ದರು. ಅತ್ತೆ ಸೆರಗಿನ ಮರೆಯಿಂದ ಮೊಣಕೈಯಲ್ಲಿ ನನ್ನ ಪಕ್ಕೆಗೆ ತಿವಿದಳು. ಇನ್ನೊಂದು ಸ್ವಲ್ಪ ಇರಲಿ ಎಂದು ನಾನು ಸುಮ್ಮನೆ ಕೂತೆ.